ತೂಕ ನಾರ್ಮಲ್ ಅಂದುಕೊಂಡೇ ಹತ್ತು ವರ್ಷ ಕಳೆದೆ

ನನಗೀಗ 52 ವರ್ಷ. ಎತ್ತರ 156 ಸೆಂಟಿಮೀಟರ್. ಒಂದೂವರೆ ವರ್ಷದ ಹಿಂದೆ ತೂಕ 60 ಕೆಜಿ 400 ಗ್ರಾಂ ಇತ್ತು. ಇವೆರಡನ್ನೂ ಹಾಕಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ, ಲೆಕ್ಕ ಮಾಡಿದರೆ 24.8 ಬರುತ್ತದೆ. 25 ದಾಟಿಲ್ಲ. ಹಾಗಾಗಿ ಪ್ರತಿ ವರ್ಷ ತಪಾಸಣೆಗೆ ಹೋದಾಗಲೂ ಆ ಜಾಗದಲ್ಲಿ 'ನಾರ್ಮಲ್' ಅಂತ ಬರೆದುಕೊಡುತ್ತಿದ್ದರು, ನಾನು ನೆಮ್ಮದಿಯಿಂದ ಮನೆಗೆ ಬರುತ್ತಿದ್ದೆ.

ನನ್ನ ಕೈಕಾಲು ಸಣ್ಣ. ಮುಖವೂ ತುಂಬಿಕೊಂಡಿಲ್ಲ. ನೋಡಿದವರು ಯಾರೂ ದಪ್ಪ ಅನ್ನುವುದಿಲ್ಲ. ಹೊಟ್ಟೆ ಮಾತ್ರ ನಲವತ್ತು ದಾಟಿದ ಮೇಲೆ ನಿಧಾನಕ್ಕೆ ಮುಂದೆ ಬರುತ್ತಾ ಹೋಯಿತು. ಮುಟ್ಟು ನಿಂತ ಮೇಲಂತೂ ಎರಡೇ ವರ್ಷದಲ್ಲಿ ಎದ್ದು ಕಾಣುವಷ್ಟಾಯಿತು. ಬಟ್ಟೆ ಬಿಗಿಯಾದಾಗ ಸೊಂಟದ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳುತ್ತಿದ್ದೆ. ವಯಸ್ಸಾಯಿತು, ಹೆರಿಗೆ ಆಗಿದೆ, ಎಲ್ಲರಿಗೂ ಬರುತ್ತೆ ಅಂದುಕೊಂಡಿದ್ದೆ. ತೂಕದ ಮಷೀನು ಹತ್ತು ವರ್ಷದಲ್ಲಿ ಮೂರು ಕೆಜಿ ಮಾತ್ರ ಜಾಸ್ತಿ ತೋರಿಸಿತ್ತು. ಮೂರು ಕೆಜಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ದಪ್ಪ ಇಲ್ಲ, ತೂಕ ಸರಿ ಇದೆ, ಆದರೆ ಹೊಟ್ಟೆ ಇದೆ. ಅಂಥವರು ನನ್ನ ಸುತ್ತಮುತ್ತಲೇ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ದಿನ ನಾನು ಡಾಕ್ಟರ ಹತ್ತಿರ ಹೋಗಿದ್ದು ಹೊಟ್ಟೆಗಾಗಿ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಬಿಡಲಾಗದಷ್ಟು ನಿದ್ದೆ ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತ ಕಡಿಮೆ ಇರಬೇಕು ಅಂದುಕೊಂಡು ಹೋದೆ. ನಮ್ಮ ಮಾಮೂಲಿ ಡಾಕ್ಟರು ಇರಲಿಲ್ಲ, ಹೊಸಬರು ಕೂತಿದ್ದರು. ಅವರು ಒಳಗೆ ಕರೆಯುವ ಮೊದಲು ಸಿಸ್ಟರ್ ತೂಕ ನೋಡಿದರು, ಎತ್ತರ ನೋಡಿದರು, ಆಮೇಲೆ ಮೇಜಿನ ಡ್ರಾಯರಿನಿಂದ ಬಟ್ಟೆ ಅಳೆಯುವಂಥ ಟೇಪು ತೆಗೆದರು. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಸೊಂಟಕ್ಕೆ ಟೇಪು ಹಿಡಿದಿರಲಿಲ್ಲ.

ಅವರು ಅಳೆದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಟ್ಟೆ ಸರಿಸಿ, ಪಕ್ಕದಲ್ಲಿ ಬೆರಳಿನಿಂದ ಒತ್ತಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತೆ ಅಂತ ಹುಡುಕಿದರು. ಅಲ್ಲೊಂದು ಪೆನ್ನಿನ ಚುಕ್ಕೆ. ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಹುಡುಕಿದರು, ಅಲ್ಲೊಂದು ಚುಕ್ಕೆ. ಎರಡರ ಸರಿ ಮಧ್ಯಕ್ಕೆ ಮೂರನೆಯದು. ಆ ಮೂರನೇ ಚುಕ್ಕೆಯ ಮೇಲೆ ಟೇಪು ಸುತ್ತಿ, ಹಿಂದೆ ಬಗ್ಗಿ ನೋಡಿ, ಎಲ್ಲೂ ಮೇಲೆ ಕೆಳಗೆ ಆಗದೆ ನೆಲಕ್ಕೆ ಸಮವಾಗಿದೆಯಾ ಅಂತ ಖಾತ್ರಿ ಮಾಡಿಕೊಂಡರು. ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡಿದ್ದೆ. ಬೇಕೂಂತ ಮಾಡಿದ್ದಲ್ಲ, ಟೇಪು ಸೋಕಿದ ಕೂಡಲೇ ತಾನಾಗಿ ಆಯಿತು.

"ಮೇಡಂ, ಹೊಟ್ಟೆ ಬಿಡಿ. ಸುಮ್ನೆ ಉಸಿರಾಡಿ. ಉಸಿರು ಹೊರಗೆ ಬಿಟ್ಟಾಗ ನೋಡ್ತೀನಿ" ಅಂದರು.

91 ಸೆಂಟಿಮೀಟರ್.

ಮನೆಯಲ್ಲಿ ಬಟ್ಟೆಗೆ ಅಳತೆ ಕೊಡುವಾಗ ನನ್ನ ಸೊಂಟ 84 ಅಂತ ಹೇಳುತ್ತಿದ್ದೆ. ಅದು ಹೊಕ್ಕುಳಿಗಿಂತ ಸಾಕಷ್ಟು ಕೆಳಗೆ, ಬಟ್ಟೆ ಕಟ್ಟಿಕೊಳ್ಳುವ ಜಾಗದ ಅಳತೆ. ಅದು ಬೇರೆ, ಇದು ಬೇರೆ ಅಂತ ಗೊತ್ತಾಗಿದ್ದು ಆವತ್ತೇ. ಬೆಲ್ಟಿನ ಸೈಜು ನೋಡಿ ತೃಪ್ತಿಪಟ್ಟುಕೊಳ್ಳುವ ಗಂಡಸರೂ ಇದನ್ನು ಗಮನಿಸಬೇಕು. ಹೊಟ್ಟೆ ಮುಂದೆ ಬಂದ ಹಾಗೆ ಬೆಲ್ಟು ಕೆಳಗೆ ಜಾರುತ್ತದೆ, ಸೈಜು ಮಾತ್ರ ಹಳೆಯದೇ ಇರುತ್ತದೆ.

"ತೂಕ ಸರಿ ಇದೆಯಲ್ವಾ ಸಿಸ್ಟರ್?" ಅಂತ ಕೇಳಿದೆ. ಅವರು "ಡಾಕ್ಟರು ಹೇಳ್ತಾರೆ" ಅಂದು ಚೀಟಿಯಲ್ಲಿ 91 ಬರೆದು ಅದರ ಸುತ್ತ ಒಂದು ಗೆರೆ ಎಳೆದರು.

ಡಾಕ್ಟರು ಮೊದಲು ಹೇಳಿದ್ದು ಒಂದು ಸುಲಭದ ಲೆಕ್ಕ. ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನನ್ನ ಎತ್ತರದ ಅರ್ಧ 78. ನಾನಿದ್ದದ್ದು 91, ಅಂದರೆ 13 ಸೆಂಟಿಮೀಟರ್ ಜಾಸ್ತಿ. ಈ ಲೆಕ್ಕಕ್ಕೆ ಗಂಡಸು ಹೆಂಗಸು ಅಂತ ಬೇರೆ ಬೇರೆ ಪಟ್ಟಿ ಬೇಡ, ಒಂದು ದಾರ ಇದ್ದರೂ ಸಾಕು: ಎತ್ತರದಷ್ಟು ದಾರ ತೆಗೆದುಕೊಂಡು ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿ ನೋಡಿದರೆ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2022ರಿಂದ ಇದನ್ನೇ ಜನರಿಗೆ ಹೇಳುತ್ತಿದೆ. ಬರೀ ಸೊಂಟದ ಸೆಂಟಿಮೀಟರ್ ಮೇಲೂ ಒಂದು ಗಡಿ ಇದೆ, ಅದು ಮೂಲ ಯಾವ ಕಡೆಯದು ಅನ್ನುವುದರ ಮೇಲೆ ಬದಲಾಗುತ್ತದೆ. ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90, ಹೆಂಗಸರಿಗೆ 80. ಯುರೋಪ್ ಮೂಲದ ಗಂಡಸರಿಗೆ 94, ಹೆಂಗಸರಿಗೆ ಅದೇ 80.

ರಕ್ತ ಪರೀಕ್ಷೆ ಬರೆದುಕೊಟ್ಟರು. ರಾತ್ರಿ ಊಟ ಬೇಗ ಮುಗಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೊಟ್ಟು ಬಂದೆ. ಜೊತೆಗೆ ಹೊಟ್ಟೆಯ ಸ್ಕ್ಯಾನು. ನಾಲ್ಕನೇ ದಿನ ರಿಪೋರ್ಟ್ ಹಿಡಿದು ಮತ್ತೆ ಅವರ ಮುಂದೆ ಕೂತೆ. ಅವರು ಎಡಗೈ ಎತ್ತಿಹಿಡಿದು ಒಂದೊಂದೇ ಬೆರಳು ಮಡಿಸುತ್ತಾ ಎಣಿಸಿದರು. ಸೊಂಟ 91, ಇದು ಒಂದು. ರಕ್ತದಲ್ಲಿರುವ ಕೊಬ್ಬು, ಟ್ರೈಗ್ಲಿಸರೈಡ್, 214, 150ರ ಒಳಗಿರಬೇಕಿತ್ತು, ಎರಡು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 41, ಹೆಂಗಸರಿಗೆ 50ಕ್ಕಿಂತ ಕಡಿಮೆ ಇರಬಾರದು, ಮೂರು. ಬಿಪಿ 138/88, ಗಡಿ 130/85, ನಾಲ್ಕು. ಖಾಲಿ ಹೊಟ್ಟೆಯ ಸಕ್ಕರೆ 112, 100ರ ಒಳಗಿರಬೇಕು, ಐದು. ಮುಷ್ಟಿ ಪೂರ್ತಿ ಮುಚ್ಚಿತು. ಐದರಲ್ಲಿ ಮೂರು ಇದ್ದರೇ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ನನ್ನಲ್ಲಿ ಐದೂ ಇತ್ತು. ಇದು ಇದ್ದವರಿಗೆ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು, ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಐದು ಪಟ್ಟು.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಅರ್ಥ. ಸ್ಕ್ಯಾನಿನಲ್ಲಿ ಲಿವರಿಗೆ ಕೊಬ್ಬು ಕೂತಿದೆ ಅಂತ ಬಂದಿತ್ತು. ನಾನು ಕುಡಿಯುವವಳಲ್ಲ. ಲಿವರ್ ಅಂದರೆ ಕುಡಿಯುವವರ ಸಮಸ್ಯೆ ಅಂತಲೇ ತಿಳಿದಿದ್ದೆ.

ಬಿಪಿಯನ್ನು ಮಾತ್ರ ನಾನು ಒಪ್ಪಲಿಲ್ಲ. ಆತಂಕದಲ್ಲಿದ್ದೆ, ಅದಕ್ಕೇ ಜಾಸ್ತಿ ಬಂದಿರಬೇಕು ಅಂದೆ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಟ್ಟು, ಐದು ನಿಮಿಷ ಮಾತಾಡದೆ ಕೂರಿಸಿ ಆಮೇಲೆ ನೋಡಿದರು. 136/88. ಮನೆಯಲ್ಲೂ ಒಂದು ವಾರ ಹೀಗೇ ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟೆ. ಹೆಚ್ಚುಕಡಿಮೆ ಅಷ್ಟೇ ಇತ್ತು. ಒಪ್ಪಿಕೊಂಡೆ.

ಅಮ್ಮನ ವಿಷಯ ಹೇಳಬೇಕು. ಅಮ್ಮನಿಗೆ 61ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಯಿತು. ಎದೆ ಹಿಡಿದುಕೊಂಡು ಬೀಳಲಿಲ್ಲ. ಬೆನ್ನು ನೋವು, ವಾಕರಿಕೆ, ಎರಡು ದಿನದಿಂದ ತಡೆಯಲಾಗದ ಸುಸ್ತು ಅಂದಳು. ಗ್ಯಾಸ್ ಅಂತ ಎಲ್ಲರೂ ಅಂದೆವು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಹೃದಯದ ಒಂದು ಭಾಗ ಸೋತುಹೋಗಿತ್ತು. ಉಳಿದಳು, ಆದರೆ ಆಮೇಲಿನ ನಾಲ್ಕು ವರ್ಷ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದರೂ ಏದುಸಿರು. ಅವಳೂ ನನ್ನ ಹಾಗೇ ಇದ್ದಳು. ಸಣ್ಣ ಕೈಕಾಲು, ಹೊಟ್ಟೆ ಮಾತ್ರ ಮುಂದೆ. ಇದನ್ನು ಹೇಳಿದ ಕೂಡಲೇ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ತಾಯಿಗೋ ಅಕ್ಕತಂಗಿಗೋ 65ರ ಒಳಗೆ, ತಂದೆಗೋ ಅಣ್ಣತಮ್ಮನಿಗೋ 55ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಅಂದರು. ಅದನ್ನೂ ಯಾರೂ ನನ್ನ ಹತ್ತಿರ ಕೇಳಿರಲಿಲ್ಲ.

ಹೊಟ್ಟೆಯ ಕೊಬ್ಬೇ ಯಾಕೆ ಕೆಟ್ಟದ್ದು ಅಂತ ಕೇಳಿದೆ. ಅವರು ರಿಪೋರ್ಟಿನ ಹಿಂದಿನ ಖಾಲಿ ಪುಟದಲ್ಲಿ ಚಿತ್ರ ಬರೆದು ತೋರಿಸಿದರು. ಮೇಲೆ ಲಿವರ್, ಕೆಳಗೆ ಸುತ್ತಿಕೊಂಡ ಕರುಳು, ಕರುಳಿನ ಸುತ್ತ ಗೀಚಿದ ಕೊಬ್ಬು, ಅಲ್ಲಿಂದ ಲಿವರಿಗೆ ಹೋಗುವ ಒಂದು ದಪ್ಪ ರಕ್ತನಾಳ. ಚರ್ಮದ ಕೆಳಗೆ ಇರುವ ಕೊಬ್ಬು ಬೆರಳಲ್ಲಿ ಹಿಡಿದರೆ ಸಿಗುತ್ತೆ. ತೊಡೆ, ಪೃಷ್ಠದ ಕೊಬ್ಬು ಈ ಥರದ್ದು, ಅದರಿಂದ ಅಷ್ಟು ತೊಂದರೆ ಇಲ್ಲ. ಹೊಟ್ಟೆಯ ಸ್ನಾಯುವಿನ ಹಿಂದೆ, ಕರುಳು ಲಿವರ್ ಸುತ್ತ ತುಂಬಿಕೊಳ್ಳುವ ಕೊಬ್ಬು ಕೈಗೆ ಸಿಗುವುದಿಲ್ಲ. ಅದು ಸುಮ್ಮನೆ ಕೂರುವುದೂ ಇಲ್ಲ. ಅದರಿಂದ ಬಿಡುಗಡೆಯಾದ ಕೊಬ್ಬಿನ ಆಮ್ಲಗಳು ಆ ನಾಳದಲ್ಲೇ ನೇರವಾಗಿ ಲಿವರಿಗೆ ಹೋಗುತ್ತವೆ. ಲಿವರ್ ಅದರಲ್ಲಿ ಒಂದಿಷ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅದು ಏರಿದಾಗ ಎಚ್‌ಡಿಎಲ್ ಇಳಿಯುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ, ವರ್ಷಗಟ್ಟಲೆ ದುಡಿದು ಒಂದು ದಿನ ಸೋಲುತ್ತದೆ. ಇದರ ಜೊತೆಗೆ ಆ ಕೊಬ್ಬು ಉರಿಯೂತ ತರುವ ರಾಸಾಯನಿಕಗಳನ್ನೂ ಹೊರಗೆ ಬಿಡುತ್ತದೆ, ಅವು ರಕ್ತನಾಳದ ಒಳಗೋಡೆಯನ್ನು ಹಾಳು ಮಾಡುತ್ತವೆ. ನನ್ನ ರಿಪೋರ್ಟಿನ ಐದೂ ಅಂಕಿ ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ ಬೇರಿನಿಂದ ಬಂದ ಕೊಂಬೆಗಳು ಅಂತ ಆಗ ಅರ್ಥವಾಯಿತು. ಆ ಚಿತ್ರದ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ.

ಮನೆಗೆ ಬಂದು ಓದಲು ಶುರು ಮಾಡಿದೆ. ಓದಿದ ಹಾಗೆ ಬೇಜಾರು ಜಾಸ್ತಿಯಾಯಿತು. ಇದು ಹೊಸ ವಿಷಯವೇ ಅಲ್ಲ. ಫ್ರಾನ್ಸಿನ ಮಾರ್ಸೇಯ ವೈದ್ಯ ಜ್ಯಾಂ ವಾಗ್ 1947ರಲ್ಲೇ ಕೊಬ್ಬು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ನೋಡಬೇಕು ಅಂತ ಬರೆದಿದ್ದರು. ಸ್ಟ್ಯಾನ್‌ಫರ್ಡಿನ ಜೆರಾಲ್ಡ್ ರೀವನ್ 1988ರಲ್ಲಿ ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್ ಏರುವುದು, ಎಚ್‌ಡಿಎಲ್ ಇಳಿಯುವುದು ಎಲ್ಲ ಒಟ್ಟಿಗೆ ಬರುವುದಕ್ಕೆ 'ಸಿಂಡ್ರೋಮ್ ಎಕ್ಸ್' ಅಂತ ಹೆಸರು ಕೊಟ್ಟರು. 52 ದೇಶಗಳಲ್ಲಿ ಸುಮಾರು 27,000 ಜನರನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನ 2005ರಲ್ಲಿ ಹೇಳಿದ್ದೂ ಇದನ್ನೇ: ಹಾರ್ಟ್ ಅಟ್ಯಾಕಿನ ಅಪಾಯವನ್ನು ಬಿಎಂಐಗಿಂತ ಸೊಂಟ ಮತ್ತು ಪೃಷ್ಠದ ಅಳತೆಯ ಅನುಪಾತ ಚೆನ್ನಾಗಿ ತೋರಿಸುತ್ತದೆ. ಇನ್ನು ಬಿಎಂಐ ಲೆಕ್ಕ ಹುಟ್ಟುಹಾಕಿದವರು ವೈದ್ಯರೇ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನುವ ಗಣಿತಜ್ಞ, 1830ರ ದಶಕದಲ್ಲಿ, ಜನಸಮೂಹದ ಸರಾಸರಿ ತಿಳಿಯಲು ಮಾಡಿದ ಲೆಕ್ಕ ಅದು. ಒಬ್ಬ ವ್ಯಕ್ತಿಯ ಹೊಟ್ಟೆಯೊಳಗೆ ಏನಿದೆ ಅಂತ ಅದು ಹೇಗೆ ಹೇಳೀತು?

2004ರಲ್ಲಿ ಇಬ್ಬರು ವೈದ್ಯರು ತಮ್ಮನ್ನೇ ಅಳೆದುಕೊಂಡು ಪ್ರಕಟಿಸಿದ ಒಂದು ಚಿಕ್ಕ ಬರಹ ನನ್ನನ್ನು ತುಂಬ ತಟ್ಟಿತು. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಬ್ರಿಟನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಒಂದೇ ಬಿಎಂಐ, ಕೊಬ್ಬು ಎರಡು ಪಟ್ಟಿಗಿಂತ ಜಾಸ್ತಿ. ಇದನ್ನು ಓದಿದಾಗ ನನ್ನ ಹತ್ತು ವರ್ಷದ 'ನಾರ್ಮಲ್' ನೆನಪಾಗಿ ಕಣ್ಣಲ್ಲಿ ನೀರು ಬಂತು. ತಪಾಸಣೆ ಮಾಡಿದವರ ಮೇಲೆ ಸಿಟ್ಟೂ ಬಂತು. ಒಂದು ಟೇಪು, ಒಂದು ನಿಮಿಷ. ಅಷ್ಟೇ ಬೇಕಿದ್ದದ್ದು.

ಮೊದಲ ಆರು ವಾರ ನಾನು ಮಾಡಿದ್ದೆಲ್ಲ ತಪ್ಪು. ಹೊಟ್ಟೆ ಕರಗಿಸಬೇಕು ಅಂತ ಹೊಟ್ಟೆಗೇ ವ್ಯಾಯಾಮ ಶುರು ಮಾಡಿದೆ. ಮಲಗಿ ಏಳುವುದು, ದಿನಕ್ಕೆ ನೂರು. ಸೊಂಟಕ್ಕೆ ಕಟ್ಟಿಕೊಂಡರೆ ಬಿಸಿಯಾಗಿ ನಡುಗುವ ಬೆಲ್ಟನ್ನೂ ತರಿಸಿದೆ. ರಾತ್ರಿ ಊಟ ಬಿಟ್ಟೆ. ಬೆವರಿದ್ದು ಹೌದು, ಆದರೆ ಟೇಪಿನಲ್ಲಿ ಒಂದು ಸೆಂಟಿಮೀಟರೂ ಕಡಿಮೆಯಾಗಲಿಲ್ಲ, ಬೆನ್ನು ಮಾತ್ರ ಹಿಡಿದುಕೊಂಡು ಒಂದು ವಾರ ಮಲಗಿದೆ. ಆ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ ಅಷ್ಟೇ, ಅದರ ಹಿಂದಿನ ಕೊಬ್ಬು ಅದರಿಂದ ಕರಗುವುದಿಲ್ಲ. ದೇಹ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆದುಕೊಳ್ಳುತ್ತದೆ, ನಾವು ತೋರಿಸಿದ ಕಡೆಯಿಂದ ಅಲ್ಲ.

ಆಪರೇಷನ್ ಮಾಡಿ ಕೊಬ್ಬು ತೆಗೆಸಿಬಿಟ್ಟರೆ ಆಗಲ್ವಾ ಅಂತಲೂ ಡಾಕ್ಟರನ್ನು ಕೇಳಿದ್ದೆ. ಅದಕ್ಕೆ ಅವರು 2004ರ ಒಂದು ಅಧ್ಯಯನ ಹೇಳಿದರು. 15 ಜನ ಹೆಂಗಸರ ಹೊಟ್ಟೆಯ ಚರ್ಮದ ಕೆಳಗಿನಿಂದ ಸುಮಾರು 10 ಕೆಜಿಯಷ್ಟು ಕೊಬ್ಬನ್ನು ಹೀರಿ ತೆಗೆದರಂತೆ. ಮೂರು ತಿಂಗಳ ನಂತರ ನೋಡಿದರೆ ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್, ಇನ್ಸುಲಿನ್ ಕೆಲಸ ಮಾಡುವ ರೀತಿ, ಯಾವುದೂ ಸುಧಾರಿಸಿರಲಿಲ್ಲ. ತೆಗೆದದ್ದು ಹೊರಗಿನ ಕೊಬ್ಬು, ಒಳಗಿನದು ಹಾಗೇ ಇತ್ತು. ಒಳಗಿನದು ಹೋಗಬೇಕಾದರೆ ಅದನ್ನು ದೇಹವೇ ಖರ್ಚು ಮಾಡಬೇಕು. ಸಂತೋಷದ ವಿಷಯ ಏನೆಂದರೆ ಖರ್ಚು ಶುರುವಾದರೆ ಒಳಗಿನದು ಬೇಗ ಕರಗುತ್ತದೆ.

ಎಷ್ಟು ಇಳಿಸಬೇಕು ಅಂದರೆ ಬಹಳ ಏನಲ್ಲ. ತೂಕದಲ್ಲಿ ಶೇ 7, ವಾರಕ್ಕೆ 150 ನಿಮಿಷ ಬಿರುಸು ನಡಿಗೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಸಾವಿರಾರು ಜನರ ಮುಂದೆ ಇದೇ ಗುರಿ ಇಟ್ಟಿದ್ದರು. ಸುಮಾರು ಮೂರು ವರ್ಷದಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕಡಿಮೆಯಾದದ್ದು ಶೇ 31. ನನ್ನ 60.4 ಕೆಜಿಗೆ ಶೇ 7 ಅಂದರೆ ನಾಲ್ಕು ಕೆಜಿ ಚಿಲ್ಲರೆ. ಅದು ಕೇಳಿ ಧೈರ್ಯ ಬಂತು.

ಬೆನ್ನು ಸರಿಹೋದ ಮೇಲೆ ನಡಿಗೆ ಶುರು ಮಾಡಿದೆ. ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು ವೇಗ ಅಂತ ಡಾಕ್ಟರು ಹೇಳಿದ್ದರು. ಬೆಳಿಗ್ಗೆ 25 ನಿಮಿಷ, ವಾರಕ್ಕೆ ಆರು ದಿನ. ಇದರ ಜೊತೆಗೆ ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಕೂಡಲೇ ಹತ್ತು ನಿಮಿಷ ಮನೆಯಲ್ಲೇ ಓಡಾಡುತ್ತಿದ್ದೆ. ಈ ಹತ್ತು ನಿಮಿಷವನ್ನು ಮಾತ್ರ ನಾನು ಯಾರಿಗೇ ಆದರೂ ಕೈ ಹಿಡಿದು ಹೇಳುತ್ತೇನೆ. ನಡೆಯುವಾಗ ಸ್ನಾಯುಗಳು ಊಟದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದಕ್ಕೆ ಜಾಸ್ತಿ ಇನ್ಸುಲಿನ್ ಕೂಡ ಬೇಕಾಗುವುದಿಲ್ಲ. ಊಟವಾದ ಮೇಲೆ ಬರುತ್ತಿದ್ದ ಆ ಭಾರದ ನಿದ್ದೆ ಎರಡು ವಾರದಲ್ಲಿ ಹೋಯಿತು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ: ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು. ವಯಸ್ಸಾದ ಹಾಗೆ ಸ್ನಾಯು ಕಡಿಮೆಯಾಗುತ್ತದೆ, ಕೊಬ್ಬು ಆ ಜಾಗಕ್ಕೆ ಬರುತ್ತದೆ. ಹತ್ತು ವರ್ಷ ನನ್ನ ತೂಕ ಅಷ್ಟಾಗಿ ಬದಲಾಗದೆ ಇದ್ದದ್ದರ ಒಳಗುಟ್ಟು ಅದೇ ಇರಬೇಕು, ಒಂದು ಕಡೆ ಹೋಗುತ್ತಿತ್ತು, ಇನ್ನೊಂದು ಕಡೆ ಸೇರುತ್ತಿತ್ತು.

ಊಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಕ್ಕರೆ ಹಾಕಿದ ಪಾನೀಯ ಪೂರ್ತಿ ಬಿಟ್ಟೆ, ಹಣ್ಣಿನ ರಸವನ್ನೂ ಬಿಟ್ಟೆ, ಹಣ್ಣನ್ನೇ ತಿಂದೆ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನು, ಕಾಲು ಭಾಗ ಮಾತ್ರ ಹಿಟ್ಟಿನ ಅಂಶ. ಕರಿದದ್ದು, ಪೊಟ್ಟಣದ ತಿಂಡಿ ಮನೆಗೆ ತರುವುದನ್ನೇ ನಿಲ್ಲಿಸಿದೆವು. ಊಟ ಬಿಡಲಿಲ್ಲ, ಉಪವಾಸ ಮಾಡಲಿಲ್ಲ. ಪಟ್ಟಿ ಹಿಡಿದು ಕ್ಯಾಲೊರಿ ಲೆಕ್ಕ ಹಾಕುವುದು ನನ್ನಿಂದ ಆಗುವ ಕೆಲಸವಲ್ಲ, ಎರಡು ದಿನ ಮಾಡಿ ಬಿಟ್ಟೆ.

ನಡಿಗೆ ಶುರು ಮಾಡಿದ ಮೊದಲ ತಿಂಗಳ ಕೊನೆಗೆ ತೂಕ ನೋಡಿದೆ. 60.1. ಮುನ್ನೂರು ಗ್ರಾಂ! ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಮಗಳು ಟೇಪು ತಂದು "ಅಮ್ಮ, ಏಳು, ಇದರಲ್ಲಿ ನೋಡೋಣ" ಅಂದಳು. ಸಿಸ್ಟರ್ ಮಾಡಿದ ಹಾಗೇ ಪಕ್ಕೆಲುಬು ಹುಡುಕಿ, ಮೂಳೆ ಹುಡುಕಿ, ಮಧ್ಯಕ್ಕೆ ಚುಕ್ಕೆ ಇಟ್ಟು ಅಳೆದಳು. 89. ನಂಬಿಕೆಯಾಗದೆ ಮೂರು ಸಲ ಅಳೆಸಿದೆ. ಮೂರು ಸಲವೂ 89. ತೂಕದಲ್ಲಿ ಮುನ್ನೂರು ಗ್ರಾಂ ಮಾತ್ರ ಹೋಗಿದ್ದರೂ ಸೊಂಟದಲ್ಲಿ ಎರಡು ಸೆಂಟಿಮೀಟರ್ ಹೋಗಿತ್ತು. ತೂಕದ ಮಷೀನನ್ನು ಮಗಳು ಅವತ್ತೇ ಅಟ್ಟದ ಮೇಲೆ ಹಾಕಿದಳು, ಮೂರು ತಿಂಗಳಿಗೊಮ್ಮೆ ಮಾತ್ರ ಇಳಿಸಿಕೊಡುತ್ತಿದ್ದಳು. ಟೇಪು ಮಾತ್ರ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಏನೂ ತಿನ್ನುವ ಮೊದಲು.

ನಾಲ್ಕನೇ ತಿಂಗಳಲ್ಲಿ ಎಲ್ಲ ನಿಂತುಹೋಯಿತು. 87ಕ್ಕೆ ಬಂದ ಟೇಪು ಏಳು ವಾರ ಅಲುಗಲಿಲ್ಲ. ನಡಿಗೆ ತಪ್ಪಿಸಿರಲಿಲ್ಲ, ಊಟ ಬದಲಾಗಿರಲಿಲ್ಲ. ಡಾಕ್ಟರು ಎಷ್ಟು ಹೊತ್ತು ಮಲಗುತ್ತೀರಿ ಅಂತ ಕೇಳಿದರು. ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದೆ, ಬೆಳಗಿನ ನಡಿಗೆಗೆ ಸಮಯ ಹೊಂದಿಸಲು. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿಯಾಗುತ್ತದೆ, ಇನ್ಸುಲಿನ್ ಕೆಲಸ ಕೆಡುತ್ತದೆ, ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚುತ್ತದೆ. ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಲ್ಲುತ್ತದಾ ಅಂತ ನಮ್ಮ ಮನೆಯವರನ್ನೂ ಕೇಳಿದರು, ಹೊಟ್ಟೆ ಇರುವವರಲ್ಲಿ ಅದೂ ಸಾಮಾನ್ಯ, ಅದರಿಂದ ಬಿಪಿ ಏರುತ್ತದೆ. ನನಗೆ ಅದು ಇರಲಿಲ್ಲ. ಹತ್ತೂವರೆಗೆ ಫೋನು ಹೊರಗಿಟ್ಟು ಮಲಗಲು ಶುರು ಮಾಡಿದೆ. ಬೆಳಗಿನ ನಡಿಗೆಯನ್ನು ಸಂಜೆಗೆ ಹಾಕಿಕೊಂಡೆ. ಟೇಪು ಮತ್ತೆ ಇಳಿಯಿತು.

ಆರನೇ ತಿಂಗಳ ರಿಪೋರ್ಟು: ಸೊಂಟ 86, ತೂಕ 57.8. ಟ್ರೈಗ್ಲಿಸರೈಡ್ 148. ಎಚ್‌ಡಿಎಲ್ 45. ಖಾಲಿ ಹೊಟ್ಟೆಯ ಸಕ್ಕರೆ 101, ಎಚ್‌ಬಿಎ1ಸಿ 5.8. ಬಿಪಿ 128/82. ಐದು ಬೆರಳಲ್ಲಿ ಎರಡು ಬಿಚ್ಚಿಕೊಂಡಿತ್ತು, ಸಕ್ಕರೆಯ ಬೆರಳು ಒಂದೇ ಒಂದು ಅಂಕಿಯಲ್ಲಿ ಉಳಿದಿತ್ತು.

ಆದರೆ ಕೆಟ್ಟ ಕೊಲೆಸ್ಟ್ರಾಲ್, ಎಲ್‌ಡಿಎಲ್, 128 ಇದ್ದದ್ದು 124ಕ್ಕೆ ಬಂದು ನಿಂತಿತ್ತು. ಇಷ್ಟೆಲ್ಲ ಮಾಡಿದ್ದೀನಲ್ಲ, ಇದು ಯಾಕೆ ಇಳಿದಿಲ್ಲ ಅಂತ ತುಂಬ ನೊಂದುಕೊಂಡೆ. ಹೊಟ್ಟೆ ಕರಗಿದಾಗ ಮುಖ್ಯವಾಗಿ ಇಳಿಯುವುದು ಟ್ರೈಗ್ಲಿಸರೈಡು, ಎಲ್‌ಡಿಎಲ್ ಅಷ್ಟಾಗಿ ಅದರ ಹಿಂದೆ ಬರುವುದಿಲ್ಲ, ಅದರಲ್ಲಿ ಹುಟ್ಟಿನಿಂದ ಬಂದದ್ದರ ಪಾಲೂ ದೊಡ್ಡದು ಅಂತ ಡಾಕ್ಟರು ವಿವರಿಸಿದರು. ಅಮ್ಮನ ಇತಿಹಾಸ ಇರುವುದರಿಂದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡೋಣ ಅಂದರು. ನನಗೆ ಮಾತ್ರೆ ಬೇಡವೇ ಬೇಡ ಅನ್ನುವ ಹಟ ಇತ್ತು, ಮಾತ್ರೆ ತಪ್ಪಿಸಲೆಂದೇ ಇಷ್ಟು ನಡೆದದ್ದು ಅಂದೆ. ಹತ್ತು ದಿನ ಯೋಚನೆ ಮಾಡಿದೆ. ಅಮ್ಮ ಕೋಣೆಯ ಬಾಗಿಲು ಹಿಡಿದು ಉಸಿರಿಗಾಗಿ ನಿಲ್ಲುತ್ತಿದ್ದದ್ದು ನೆನಪಾಯಿತು. ಶುರು ಮಾಡಿದೆ. ಈಗ ಎಲ್‌ಡಿಎಲ್ 78. ನಡಿಗೆಯ ಕೆಲಸ ನಡಿಗೆ ಮಾಡುತ್ತದೆ, ಮಾತ್ರೆಯ ಕೆಲಸ ಮಾತ್ರೆ ಮಾಡುತ್ತದೆ, ಎರಡನ್ನೂ ಜಗಳಕ್ಕೆ ಹಚ್ಚಿದ್ದು ನನ್ನ ತಪ್ಪು. ಇದು ನನ್ನ ಪರಿಸ್ಥಿತಿಗೆ ಆದ ತೀರ್ಮಾನ, ನಿಮ್ಮದನ್ನು ನಿಮ್ಮ ಡಾಕ್ಟರ ಹತ್ತಿರ ಕೂತು ಮಾಡಬೇಕು.

ವರ್ಷ ತುಂಬಿದಾಗ ಸೊಂಟ 83, ತೂಕ 56.2. ಸಕ್ಕರೆ 96, ಎಚ್‌ಬಿಎ1ಸಿ 5.6. ಲಿವರಿನ ಸ್ಕ್ಯಾನು ಸರಿಯಾಗಿದೆ ಅಂತ ಬಂತು. ಎಚ್‌ಡಿಎಲ್ ಮಾತ್ರ ಇನ್ನೂ 47. ಸೊಂಟವೂ 78ಕ್ಕೆ ಬಂದಿಲ್ಲ, ಇನ್ನೂ ಐದು ಸೆಂಟಿಮೀಟರ್ ಬಾಕಿ ಇದೆ, ಇತ್ತೀಚೆಗೆ ಬಹಳ ನಿಧಾನ.

ಕಳೆದ ವಾರ ಅಣ್ಣ ಬಂದಿದ್ದ. ನನಗಿಂತ ಮೂರು ವರ್ಷ ದೊಡ್ಡವನು, ಅಮ್ಮನದೇ ಮೈಕಟ್ಟು. ಸೋಫಾದಿಂದ ಏಳುವಾಗ ಮಂಡಿಗೆ ಕೈ ಊರಿ ಎದ್ದ. ನಾನು ಏನೂ ಹೇಳದೆ ಟೇಪು ತಂದೆ. "ಏನೇ ಇದು, ಬಟ್ಟೆ ಹೊಲಿಸ್ತೀಯಾ ನಂಗೆ?" ಅಂದ. ಪಕ್ಕೆಲುಬು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅವನೂ ಹೊಟ್ಟೆ ಒಳಗೆ ಎಳೆದುಕೊಂಡ.

"ಬಿಡೋ ಅಣ್ಣ, ಸುಮ್ನೆ ಉಸಿರಾಡು" ಅಂದೆ.

101. ಅವನ ಎತ್ತರ 170. ಅರ್ಧ ಎಷ್ಟು ಅಂತ ಅವನೇ ಲೆಕ್ಕ ಹಾಕಿ, ಸುಮ್ಮನೆ ಟೇಪು ನೋಡುತ್ತಾ ಕೂತ. ಆಮೇಲೆ ಅಮ್ಮನಿಗೆ ಎಷ್ಟು ವಯಸ್ಸಾಗಿತ್ತು ಆಗ ಅಂತ ಕೇಳಿದ. ಹೇಳಿದೆ.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗುತ್ತಿದ್ದಾನೆ. ನಾನೂ ಜೊತೆಗೆ ಹೋಗುತ್ತಿದ್ದೇನೆ, ನನ್ನದೂ ಆರು ತಿಂಗಳಾಯಿತು.